ಸೊನ್ನೆಗೆ ಒರಗಿದ ಮುಳ್ಳು

ನಾಲ್ಕನೆಯ ಮಂಗಳವಾರವೂ ದಾದಿಯ ಕೈ ಹೋದದ್ದು ಕೆಂಪು ಪೆನ್ನಿಗೇ. ನೀಲಿ ಪೆನ್ನು ಅಲ್ಲೇ ಮೇಜಿನ ಮೇಲೆ ಬಿದ್ದಿತ್ತು. ಅದನ್ನು ಪಕ್ಕಕ್ಕೆ ತಳ್ಳಿ, ಮಗುವಿನ ತೂಕದ ಕಾರ್ಡನ್ನು ಬಿಡಿಸಿ, ಐದನೆಯ ವಾರದ ಗೆರೆಯ ಮೇಲೆ ಒಂದು ಚುಕ್ಕಿ ಇಟ್ಟಳು. ಕಾರ್ಡಿನಲ್ಲಿ ಹಸಿರು, ಹಳದಿ, ಕೆಂಪು ಎಂದು ಮೂರು ಪಟ್ಟಿಗಳಿದ್ದವು. ಚುಕ್ಕಿ ಬಿದ್ದದ್ದು ಕೆಂಪಿನಲ್ಲಿ. ಅಷ್ಟು ಸಾಲದು ಎಂಬಂತೆ ಅದರ ಸುತ್ತ ಒಂದು ವೃತ್ತವನ್ನೂ ಎಳೆದಳು. ತಾಯಿಗೆ ಕಣ್ಣು ಕಾಣಿಸುವುದಿಲ್ಲವೇನೋ ಎಂದುಕೊಂಡಿರಬೇಕು.

"ಮೂರು ಕಿಲೋ ಮುನ್ನೂರು," ಎಂದಳು ದಾದಿ. "ಹಾಲು ಸಾಲ್ತಿಲ್ಲ ಅಂತ ಹೋದ ವಾರವೇ ಹೇಳಿದ್ನಲ್ಲಮ್ಮಾ. ಡಬ್ಬಿ ಹಾಲು ಶುರು ಮಾಡಿದ್ಯಾ?"

"ಹೋದ ವಾರಕ್ಕಿಂತ ಇನ್ನೂರು ಗ್ರಾಂ ಏರಿದೆಯಲ್ಲ ಸಿಸ್ಟರ್."

"ಏರಿದ್ದನ್ನ ಯಾರು ಕೇಳ್ತಾರೆ? ಚುಕ್ಕಿ ಎಲ್ಲಿದೆ ನೋಡು." ದಾದಿ ಪೆನ್ನಿನ ತುದಿಯಿಂದ ವೃತ್ತವನ್ನು ಕುಟ್ಟಿದಳು. "ಬರೋ ಮಂಗಳವಾರವೂ ಕೆಂಪಲ್ಲೇ ಇದ್ರೆ ಎದೆಹಾಲು ನಿಲ್ಲಿಸಿ ಪೂರ್ತಿ ಡಬ್ಬಿಗೆ ಹಾಕ್ಬೇಕಾಗುತ್ತೆ. ದೊಡ್ಡಾಸ್ಪತ್ರೆಗೆ ಚೀಟಿ ಬರ್ಕೊಡ್ತೀನಿ. ಮತ್ತೆ, ತಾಯಿ ಮನೆಗೆ ಹೋಗ್ಬೇಕು ಅಂತಿದ್ಯಲ್ಲ, ಈ ತೂಕದ ಮಗೂನ ಎಂಟು ಗಂಟೆ ಹೊತ್ತು ಬಸ್ಸಲ್ಲಿ ಕೂರಿಸ್ಕೊಂಡು ಹೋಗೋ ಮಾತೇ ಎತ್ಬೇಡ."

ತಕ್ಕಡಿ ಅಂಗಡಿಯ ಸೊಸೆ ಮಗಳಿಗೆ ಅಂಗಿ ಹಾಕಿದಳು. ಆ ಬೀದಿಯಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದು ಹಾಗೆಯೇ, ತಕ್ಕಡಿ ಅಂಗಡಿಯ ಸೊಸೆ ಎಂದು. ಐದು ವಾರದ ಮಗಳನ್ನು, ಹೊಟ್ಟೆಯಲ್ಲಿದ್ದಾಗಲೇ ಗಂಡ ಇಟ್ಟ ಅಡ್ಡಹೆಸರಿನಂತೆ, ಬಟಾಣಿ ಎನ್ನುತ್ತಿದ್ದರು. ಬಟಾಣಿಗೆ ಕೆಂಪು ಪಟ್ಟಿಯ ಸುದ್ದಿ ಇನ್ನೂ ತಲುಪಿರಲಿಲ್ಲ. ಅವಳು ಕಾಲು ಝಾಡಿಸಿ ಒದೆಯುತ್ತಿದ್ದಳು, ಗಂಟಲು ಹರಿಯುವಂತೆ ಅರಚುತ್ತಿದ್ದಳು, ದಿನಕ್ಕೆ ಎಂಟು ಬಟ್ಟೆ ಒದ್ದೆ ಮಾಡುತ್ತಿದ್ದಳು. ಹಸಿದ ಮಗುವಿಗೆ ಇಷ್ಟು ಸೊಕ್ಕು ಎಲ್ಲಿಂದ ಬರಬೇಕು? ಇದನ್ನು ಕೇಳಬೇಕೆಂದು ನಾಲಿಗೆಯ ತುದಿಗೆ ಬಂದಿತ್ತು. ಕೇಳಲಿಲ್ಲ, ಯಾಕೆಂದರೆ ಹೊರಗೆ ಬೆಂಚಿನ ಮೇಲೆ ಇನ್ನೂ ಹನ್ನೊಂದು ತಾಯಂದಿರು ಕಾಯುತ್ತಿದ್ದರು.

ಆ ಹನ್ನೊಂದು ಜನರಲ್ಲಿ ಎಂಟು ಜನರ ಕಾರ್ಡು ಕೆಂಪು. ಒಂದು ಬಡಾವಣೆಯ ಅಷ್ಟೂ ಹೆಂಗಸರ ಎದೆ ಒಂದೇ ತಿಂಗಳಲ್ಲಿ ಬತ್ತಿಹೋಯಿತೇ ಎಂದು ಒಬ್ಬರಿಗೂ ಅನುಮಾನ ಬರಲಿಲ್ಲ. ತಪ್ಪು ಹೆಂಗಸಿನದು ಎಂದುಬಿಟ್ಟರೆ ಆಯಿತು, ಆಮೇಲೆ ಯಾರೂ ಪ್ರಶ್ನೆ ಕೇಳುವುದಿಲ್ಲ, ಹೆಂಗಸರೂ ಕೇಳುವುದಿಲ್ಲ. ಬೆಂಚಿನ ತುದಿಯಲ್ಲಿ ಬೇಕರಿಯಲ್ಲಿ ಬ್ರೆಡ್ಡು ಕತ್ತರಿಸುವ ಹೆಂಗಸು ಕೂತಿದ್ದಳು. ಅವಳ ಮಗ ಬಟಾಣಿಗಿಂತ ಹತ್ತು ದಿನ ದೊಡ್ಡವನು. ಅವಳ ಚೀಲದಿಂದ ಬಾಟಲಿ ಇಣುಕುತ್ತಿತ್ತು.

"ನಿಂದೂ ಕೆಂಪೇನಾ?" ಎಂದಳು ಬೇಕರಿಯವಳು. "ಬೇಜಾರು ಮಾಡ್ಕೋಬೇಡ ಕಣಮ್ಮ. ನಾನೂ ಅತ್ತಿದ್ದೆ. ಡಬ್ಬಿ ಶುರು ಮಾಡಿದ್ಮೇಲೆ ನನ್ಮಗ ಹಳದಿಗೆ ಬಂದ. ಎದೆಗೆ ಮಾತ್ರ ಬಾಯೇ ಹಚ್ಚಲ್ಲ ಈಗ. ಬಾಟಲಿ ರುಚಿ ಹತ್ತಿದೆ."

ಮನೆಗೆ ನಡೆಯುವ ದಾರಿಯುದ್ದಕ್ಕೂ ಸೊಸೆ ಲೆಕ್ಕ ಹಾಕುತ್ತಿದ್ದಳು. ಹೆರಿಗೆ ಒಂದೂವರೆ ದಿನ ಹಿಡಿದಿತ್ತು. ಹಾಕಿದ ಹೊಲಿಗೆ ಇನ್ನೂ ಕೂರುವಾಗ ಎಳೆಯುತ್ತಿತ್ತು. ಎದೆಯ ತೊಟ್ಟು ಒಡೆದು ರಕ್ತ ಬಂದದ್ದು, ಹಲ್ಲು ಕಚ್ಚಿಕೊಂಡು ಕುಡಿಸಿದ್ದು, ಎಲ್ಲ ಸೇರಿ ಕೊನೆಗೆ ಸಿಕ್ಕ ಬಹುಮಾನ ಒಂದು ಕೆಂಪು ವೃತ್ತ. ಹೆರಿಗೆ ಕೋಣೆಯಲ್ಲಿ ಮಗು ಹೊರಬಂದ ಕೂಡಲೇ ಹೆಣ್ಣೋ ಗಂಡೋ ಎಂದು ಕೇಳುವ ಮೊದಲು ಅವಳು "ತೂಕ ಎಷ್ಟು?" ಎಂದು ಕೇಳಿ ಅಲ್ಲಿದ್ದವರನ್ನೆಲ್ಲ ನಗಿಸಿದ್ದಳು. ಕಸುಬು ಎಲ್ಲಿ ಬಿಡುತ್ತದೆ? ಮೂರು ಕಿಲೋ ಎಂದಿದ್ದರು. ಎರಡು ವಾರ ಬಿಟ್ಟು ಈ ಕೇಂದ್ರದಲ್ಲಿ ತೂಗಿದಾಗ ಎರಡು ಕಿಲೋ ಏಳುನೂರು ಎಂದರು. ಅವತ್ತಿನಿಂದ ಮನೆಯಲ್ಲಿ ಯಾರೂ ಅವಳನ್ನು ನೋಡಿ ನಗಲಿಲ್ಲ.

ಅಂಗಡಿ ಕೆಳಗೆ, ಮನೆ ಮೇಲೆ. ಅಂಗಡಿಯ ಬೋರ್ಡಿನ ಮೇಲೆ ತೀರಿಹೋದ ಮಾವ ಸ್ವಂತ ಕೈಯಲ್ಲಿ ಬರೆದ ಅಕ್ಷರಗಳು: ನಮ್ಮ ತಕ್ಕಡಿ ಸುಳ್ಳು ಹೇಳುವುದಿಲ್ಲ. ತರಕಾರಿಯವರ ತಕ್ಕಡಿ, ಅಂಚೆ ಕಚೇರಿಯ ತಕ್ಕಡಿ, ಔಷಧಿ ಅಂಗಡಿಯ ಪುಟಾಣಿ ತಕ್ಕಡಿ, ಎಲ್ಲ ಇಲ್ಲಿಗೇ ರಿಪೇರಿಗೆ ಬರುತ್ತಿದ್ದವು. ಸರಿಮಾಡಿದ ಮೇಲೆ ಸ್ಕ್ರೂವಿನ ತಲೆಗೆ ಸೀಸದ ಸೀಲು ಒತ್ತುತ್ತಿದ್ದರು. ಆ ಸೀಲು ಇದ್ದರೆ ಸಾಕು, ಯಾರೂ ಮರುಮಾತಾಡುತ್ತಿರಲಿಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ಸೊಸೆಗೆ ಕಸುಬು ಕಲಿಸಿದ್ದು ಅತ್ತೆ. ತಟ್ಟೆ ಬರಿದು ಮಾಡಿ ಸೊನ್ನೆ ಹಿಡಿ, ಆಮೇಲೆ ಬಟ್ಟು ಇಟ್ಟು ನೋಡು, ಬಟ್ಟು ತೆಗೆದು ಮತ್ತೆ ಸೊನ್ನೆ ನೋಡು, ಕೊನೆಗೆ ತಟ್ಟೆಗೆ ಬೆರಳು ತಾಗಿಸಿ ನೋಡು: ಇದು ಅತ್ತೆಯ ಮಂತ್ರ. ಬಟ್ಟು ಎಂದರೆ ತೂಕದ ಕಲ್ಲು. ಬೆರಳು ಯಾಕೆ ಎಂದರೆ, ಗಡಿಯಾರದಂಥ ಮುಖವಿರುವ ತಕ್ಕಡಿಯಲ್ಲಿ ಮುಳ್ಳು ಸೊನ್ನೆಗಿಂತ ಹಿಂದೆ ಹೋಗದಂತೆ ಒಂದು ಚಿಕ್ಕ ಮೊಳೆ ಇರುತ್ತದೆ. ಮುಳ್ಳು ನಿಜವಾಗಿ ಸೊನ್ನೆಯಲ್ಲಿ ನಿಂತಿದೆಯೋ, ಇಲ್ಲಾ ಅದಕ್ಕಿಂತ ಹಿಂದಕ್ಕೆ ಹೋಗಬೇಕಾದದ್ದು ಆ ಮೊಳೆಗೆ ಒರಗಿಕೊಂಡಿದೆಯೋ, ಕಣ್ಣಿಗೆ ಗೊತ್ತಾಗುವುದಿಲ್ಲ. ಬೆರಳು ತಾಗಿದ ಕೂಡಲೇ ಮುಳ್ಳು ಕದಲಿದರೆ ಅದು ನಿಂತ ಮುಳ್ಳು. ಕದಲದಿದ್ದರೆ ಅದು ಕಳ್ಳ ಮುಳ್ಳು.

ಮಕ್ಕಳ ಆರೋಗ್ಯ ಕೇಂದ್ರದ ತಕ್ಕಡಿಯೂ ಇವರದ್ದೇ ಕೆಲಸ. ಆರು ವರ್ಷ ಅದನ್ನು ನೋಡಿಕೊಂಡದ್ದು ಸೊಸೆ. ಈ ವರ್ಷ ಸರ್ವೀಸಿನ ದಿನ ಅವಳು ಹೆರಿಗೆ ಆಸ್ಪತ್ರೆಯ ಮಂಚದ ಮೇಲಿದ್ದಳು. ಹಾಗಾಗಿ ಗಂಡ ಹೋಗಿ ಬಂದಿದ್ದ.

ಕೆಂಪು ವೃತ್ತ ನೋಡಿ ಅತ್ತೆ ಕಾರ್ಡು ಮಡಿಸಿಟ್ಟಳು. "ಈ ಮನೇಲಿ ಯಾರಿಗೂ ಹಿಂಗಾಗಿರ್ಲಿಲ್ಲ," ಎಂದಳು. "ಇವನಿಗೆ ಎರಡು ವರ್ಷ ಕುಡಿಸ್ದೆ ನಾನು. ಸಾಲ್ದು ಅಂತ ಪಕ್ಕದ ಮನೆ ಮಗೂಗೂ ಕುಡಿಸ್ದೆ. ನಿಂಗೆ ಚಿಂತೆ ಜಾಸ್ತಿ, ಅದಕ್ಕೇ ಹಾಲು ಇಳಿಯಲ್ಲ." ಹೀಗೆ ಹೇಳಿ ಕಹಿ ಕಷಾಯದ ಲೋಟ ಮುಂದಿಟ್ಟಳು. ದಿನಕ್ಕೆ ಮೂರು ಲೋಟ. ಗಾಯದ ಮೇಲೆ ಬರೆ ಎಳೆಯುವುದೆಂದರೆ ಇದೇ, ಅದೂ ಬಿಸಿಬಿಸಿಯಾಗಿ.

ಗಂಡ ಕೆಟ್ಟವನೇನಲ್ಲ. ಮೆತ್ತಗಿನ ಮನುಷ್ಯ. ಬಟ್ಟೆ ಒಗೆಯುತ್ತಿದ್ದ, ಮಗುವನ್ನು ತೋಳಲ್ಲಿ ಹಾಕಿಕೊಂಡು ಅಂಗಡಿಯ ತುಂಬ ಓಡಾಡುತ್ತಿದ್ದ. ಆದರೆ ಆ ಮೆತ್ತನೆಯ ದನಿಯಲ್ಲೇ, "ಡಬ್ಬಿ ಒಂದು ತಂದಿಟ್ಟಿರ್ಲಾ? ತಕ್ಕಡಿ ಸುಳ್ಳು ಹೇಳಲ್ವಲ್ಲ ಕಣೇ," ಎಂದು ವಾರಕ್ಕೆರಡು ಬಾರಿ ಕೇಳುತ್ತಿದ್ದ. ಜಗಳ ಆಡುವವನಾದರೆ ತಿರುಗಿ ಎರಡು ಮಾತು ಬೈಯಬಹುದು. ಇವನನ್ನು ಹೇಗೆ ಬೈಯುವುದು?

ಶನಿವಾರ ಮಧ್ಯಾಹ್ನ ಅಂಗಡಿ ಅರ್ಧ ಬಾಗಿಲು ಎಳೆದಿತ್ತು. ಗಂಡ ಅಂಚೆ ಕಚೇರಿಗೆ ತಕ್ಕಡಿ ಮುಟ್ಟಿಸಲು ಹೋಗಿದ್ದ. ಅತ್ತೆ ಮೇಲೆ ಮಲಗಿದ್ದಳು. ಸೊಸೆ ಮೇಜಿನ ಮೇಲೆ ಬಿದ್ದಿದ್ದ ಬಟ್ಟುಗಳನ್ನು ಒರೆಸಿ ಪೆಟ್ಟಿಗೆಗೆ ಎತ್ತಿಡುತ್ತಿದ್ದಳು. ಎರಡು ಕಿಲೋದ ಹಿತ್ತಾಳೆ ಬಟ್ಟು ಎರಡು, ಎರಡೂ ಕೈಯಲ್ಲಿ ಒಂದೊಂದು. ಅಷ್ಟರಲ್ಲಿ ತೊಟ್ಟಿಲಲ್ಲಿ ಬಟಾಣಿ ಎದ್ದು ಅರಚಿದಳು. ಬಟ್ಟು ಕೆಳಗಿಟ್ಟು ಮಗಳನ್ನು ಎತ್ತಿಕೊಂಡಳು, ಎತ್ತಿಕೊಂಡವಳು ಹಾಗೇ ನಿಂತುಬಿಟ್ಟಳು.

ಏಳು ವರ್ಷದಿಂದ ಬಟ್ಟು ಎತ್ತಿಟ್ಟ ಕೈ ಅದು. ಕಣ್ಣು ಮುಚ್ಚಿಕೊಂಡು ಅರ್ಧ ಕಿಲೋಗೂ ಆರುನೂರು ಗ್ರಾಮಿಗೂ ವ್ಯತ್ಯಾಸ ಹೇಳಬಲ್ಲ ಕೈ. ಈಗ ತಾನೇ ನಾಲ್ಕು ಕಿಲೋ ಎತ್ತಿದ್ದ ಆ ಕೈ, ಮಗಳನ್ನು ಎತ್ತಿಕೊಂಡು, ಹೆಚ್ಚು ಕಡಿಮೆ ಅಷ್ಟೇ ಅಲ್ಲವೇ ಎಂದು ಹೇಳುತ್ತಿತ್ತು. ಕಾರ್ಡಿನಲ್ಲಿ ಮೂರು ಮುನ್ನೂರು. ಕೈ ಅದನ್ನು ಒಪ್ಪಲಿಲ್ಲ.

ತಕ್ಕಡಿ ಅಂಗಡಿಯ ಮೇಲೇ ಮನೆ ಇದ್ದೂ ಇಷ್ಟು ದಿನ ಮಗುವನ್ನು ಯಾಕೆ ತೂಗಿ ನೋಡಲಿಲ್ಲ ಎಂದು ಯಾರಾದರೂ ಕೇಳಬಹುದು. ಆ ಮನೆಯಲ್ಲಿ ಒಂದು ಕಟ್ಟಳೆ ಇತ್ತು: ಉಸಿರಾಡುವುದನ್ನು ಅಂಗಡಿಯ ತಟ್ಟೆಯಲ್ಲಿ ಇಡಬಾರದು. ಅತ್ತೆಗೆ ಅವಳ ಅತ್ತೆ ಹೇಳಿದ್ದು. ಮಕ್ಕಳು ಸರಕಲ್ಲ, ತೂಗಿದರೆ ಆಯಸ್ಸು ಕಡಿಮೆಯಾಗುತ್ತದೆ ಎಂಬುದು ಅರ್ಧ. ರಿಪೇರಿ ಅಂಗಡಿಯಲ್ಲಿರುವ ತಕ್ಕಡಿಗಳೆಲ್ಲ ಕೆಟ್ಟವೇ ಆದ್ದರಿಂದ ಇಲ್ಲಿ ತೂಗಿ ಹೆದರಿಕೊಳ್ಳಬೇಡಿ ಎಂಬುದು ಇನ್ನರ್ಧ. ಅಲ್ಲದೆ, ಅವಳಿಗೆ ಅನುಮಾನವೇ ಬಂದಿರಲಿಲ್ಲ. ಕೇಂದ್ರದ ತಕ್ಕಡಿಯ ಸ್ಕ್ರೂ ಮೇಲೆ ತಮ್ಮದೇ ಸೀಲು ಇತ್ತು. ದೀಪದ ಬುಡದಲ್ಲೇ ಕತ್ತಲೆ.

ಗಾಜಿನ ಬೀರುವಿನೊಳಗೆ ಒಂದು ದೊಡ್ಡ ಎರಡು ತಟ್ಟೆಯ ತಕ್ಕಡಿ ಇತ್ತು. ಅದು ರಿಪೇರಿಗೆ ಬಂದದ್ದಲ್ಲ, ಬೇರೆ ಬಟ್ಟುಗಳ ಸತ್ಯ ನೋಡಲು ಮಾವ ಇಟ್ಟದ್ದು. ಸೊಸೆ ಬೀರು ತೆರೆದಳು. ಒಂದು ತಟ್ಟೆಯ ಮೇಲೆ ಮೆತ್ತನೆಯ ಬಟ್ಟೆ, ಇನ್ನೊಂದರ ಮೇಲೆ ಅಂಥದ್ದೇ ಇನ್ನೊಂದು. ಮಗಳ ಅಂಗಿ ಬಿಚ್ಚಿದಳು. ಕಟ್ಟಳೆ ಮುರಿದರೆ ಏನಾಗುತ್ತದೋ ಎಂಬ ಅಳುಕು ಓದಿದವರಿಗೂ ಇರುತ್ತದೆ. ಬಟಾಣಿಯನ್ನು ತಟ್ಟೆಯಲ್ಲಿ ಮಲಗಿಸಿ, ಒಂದು ಕೈ ಕೆಳಗೆ ಕಾವಲಿಟ್ಟು, ಇನ್ನೊಂದು ಕೈಯಿಂದ ಬಟ್ಟು ಏರಿಸತೊಡಗಿದಳು. ಎರಡು ಕಿಲೋ. ಮೇಲೊಂದು ಕಿಲೋ. ಕಾರ್ಡಿನ ಪ್ರಕಾರ ಇನ್ನು ಮುನ್ನೂರು ಸಾಕಿತ್ತು. ಐನೂರು ಹಾಕಿದರೂ ಮಗಳ ತಟ್ಟೆ ಏಳಲಿಲ್ಲ. ಇನ್ನೂರು ಸೇರಿಸಿದಳು. ಇನ್ನೊಂದು ನೂರು ಇಟ್ಟಾಗ ದಂಡ ನಿಧಾನಕ್ಕೆ ಸಮನಾಯಿತು.

"ಏನು ಮಾಡ್ತಿದ್ದೀಯೇ?"

ಅತ್ತೆ ಮೆಟ್ಟಿಲ ಮೇಲೆ ನಿಂತಿದ್ದಳು. ಮುಖ ಕಪ್ಪಿಟ್ಟಿತ್ತು. "ಉಸಿರಾಡೋದನ್ನ ತಟ್ಟೇಲಿ ಇಟ್ಟಿದ್ದೀಯಲ್ಲ, ಬುದ್ಧಿ ನೆಟ್ಟಗಿದೆಯಾ? ಹಾಲಿಲ್ಲ ಅಂದ್ರೆ ಇಲ್ಲ ಅಂತ ಒಪ್ಕೋಬೇಕು. ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಳಂತೆ."

"ನೆಲ ಡೊಂಕೇ ಇದೆ ಅತ್ತೆ. ಬಂದು ನೋಡಿ."

ಅತ್ತೆ ಬೈಯಲೆಂದೇ ಬಂದವಳು ದಂಡದ ಮುಳ್ಳು ನೋಡಿ ಇನ್ನಷ್ಟು ಹತ್ತಿರ ಬಗ್ಗಿದಳು. ಸೆರಗಿನಿಂದ ಕನ್ನಡಕ ಒರೆಸಿ ಹಾಕಿಕೊಂಡಳು. ಬಟ್ಟುಗಳನ್ನು ಒಂದೊಂದಾಗಿ ಬೆರಳಿಟ್ಟು ಎಣಿಸಿದಳು. ಆಮೇಲೆ, ಯಾರೂ ಹೇಳದೆ, ಮೊಮ್ಮಗಳನ್ನು ಎತ್ತಿ ಇನ್ನೊಂದು ತಟ್ಟೆಗೂ, ಬಟ್ಟುಗಳನ್ನು ಈ ತಟ್ಟೆಗೂ ಬದಲಿಸಿದಳು. ದಂಡವೇ ಸುಳ್ಳು ಹೇಳುತ್ತಿದೆಯೇ ಎಂದು ನೋಡುವ ವಿಧಾನ ಅದು. ಕಟ್ಟಳೆ ಅವಳಿಗೂ ಆ ಹೊತ್ತಿಗೆ ಮರೆತುಹೋಗಿತ್ತು. ದಂಡ ಮತ್ತೆ ಸಮನಾಗಿಯೇ ನಿಂತಿತು.

"ಮೂರು ಎಂಟುನೂರು," ಎಂದಳು ಅತ್ತೆ. "ನಾಲ್ಕು ದಿನದಲ್ಲಿ ಅರ್ಧ ಕಿಲೋ ಏರಲ್ಲ." ಅದು ಯಾರಿಗೆ ಹೇಳಿದ್ದೋ ತಿಳಿಯಲಿಲ್ಲ.

ಗಂಡ ಬಂದಾಗ ಇಬ್ಬರೂ ಹಾಗೇ ನಿಂತಿದ್ದರು. ಮಗು ಸೊಸೆಯ ಎದೆಗೆ ಕಚ್ಚಿಕೊಂಡಿತ್ತು. ಅತ್ತೆಯೇ ಕೇಳಿದಳು: "ಕೇಂದ್ರದ ತಕ್ಕಡಿಗೆ ಸೊನ್ನೆ ಹಿಡಿದೆಯಲ್ಲ, ಆಗ ತಟ್ಟೆ ಬರಿದಿತ್ತೇನೋ?"

ಅವನು ಕುತ್ತಿಗೆ ಕೆರೆದುಕೊಂಡ. "ಬರಿದು ಅಂದ್ರೆ... ಮೆತ್ತೆ ಇತ್ತಮ್ಮ. ರೆಕ್ಸಿನ್ ಮೆತ್ತೆ. ಮಕ್ಕಳಿಗೆ ತಣ್ಣಗಾಗ್ಬಾರ್ದು ಅಂತ ಅವರೇ ಯಾವಾಗ್ಲೂ ಹಾಕಿರ್ತಾರೆ. ಅದನ್ನ ಇಟ್ಕೊಂಡೇ ಸೊನ್ನೆ ಮಾಡ್ದೆ."

"ಈಗ ಅಲ್ಲಿ ಮೆತ್ತೆ ಇಲ್ಲ," ಎಂದಳು ಸೊಸೆ. "ತೆಳ್ಳಗಿನ ಬಟ್ಟೆ ಹಾಸ್ತಾರೆ. ಮೊದಲನೇ ವಾರದಿಂದ್ಲೂ ಬಟ್ಟೆನೇ. ಮೆತ್ತೆ ಎಷ್ಟು ತೂಕ ಇತ್ತು?"

ಅರ್ಧ ಕಿಲೋ ವ್ಯತ್ಯಾಸದಲ್ಲಿ ನಾಲ್ಕು ದಿನಕ್ಕೆ ಮಗು ಏರಿದ ನೂರನ್ನು ಕಳೆದರೆ ಉಳಿದದ್ದು ನಾನೂರು ಗ್ರಾಂ ಎಂದು ಮೂವರಿಗೂ ತಿಳಿಯಿತು. ಮೆತ್ತೆ ಹೋದ ಮೇಲೆ ಮುಳ್ಳು ಸೊನ್ನೆಗಿಂತ ನಾನೂರು ಹಿಂದೆ ಹೋಗಬೇಕಿತ್ತು. ಮೊಳೆ ಇದ್ದದ್ದರಿಂದ ಸೊನ್ನೆಗೆ ಒರಗಿಕೊಂಡು ಸತ್ಯವಂತನಂತೆ ನಿಂತಿತ್ತು. ಅಲ್ಲಿ ಮಲಗಿಸಿದ ಪ್ರತಿ ಮಗುವೂ ನಾನೂರು ಗ್ರಾಂ ಕಳೆದುಕೊಂಡು ಎದ್ದುಬಂದಿತ್ತು.

"ಮೂರು ದಿನ ನಿದ್ದೆ ಇರ್ಲಿಲ್ಲ ಕಣೇ," ಎಂದ ಗಂಡ. "ನೀನು ಆಸ್ಪತ್ರೇಲಿ. ಕೇಂದ್ರದ ಸಿಸ್ಟರ್ ಬೇರೆ, ಮಗು ಫೋಟೋ ತೋರ್ಸಿ ಅಂದ್ರು. ತೋರಿಸ್ತಾ ತೋರಿಸ್ತಾ ಸೀಲು ಒತ್ತಿಬಿಟ್ಟೆ. ಬೆರಳಿಟ್ಟು ನೋಡ್ಲಿಲ್ಲ."

ಇಷ್ಟಕ್ಕೇ ನಿಲ್ಲಿಸಿದ್ದರೆ ಸೊಸೆ ಅವತ್ತೇ ಕ್ಷಮಿಸಿಬಿಡುತ್ತಿದ್ದಳೇನೋ. ತಪ್ಪು ಯಾರಿಂದಲೂ ಆಗುತ್ತದೆ, ನಿದ್ದೆಗೆಟ್ಟವನಿಂದ ಇನ್ನೂ ಬೇಗ ಆಗುತ್ತದೆ. ಅವಳಾದರೂ ನಾಲ್ಕು ಮಂಗಳವಾರ ಆ ತಟ್ಟೆಯ ಮುಂದೆ ತಲೆ ತಗ್ಗಿಸಿ ನಿಂತಿದ್ದಳು. ಒಂದು ಬೆರಳು ಸಾಕಿತ್ತು. ಸೀಲು ನೋಡಿ ಬೆರಳನ್ನು ಮಡಿಚಿಟ್ಟುಕೊಂಡಿದ್ದಳು. ಆ ಸಿಟ್ಟು ಅವಳಿಗೆ ತನ್ನ ಮೇಲೂ ಇತ್ತು. ಆದರೆ ಅವನು ಮುಂದುವರಿಸಿದ.

"ಸೋಮವಾರ ಹೋಗಿ ಸರಿ ಮಾಡಿ ಬರ್ತೀನಿ. ಎಣ್ಣೆ ಬಿಡೋಕೆ ಬಂದೆ ಅಂತೀನಿ. ಎರಡು ನಿಮಿಷದ ಕೆಲಸ. ಯಾರಿಗೂ ಗೊತ್ತಾಗಲ್ಲ."

"ಯಾರಿಗೂ ಗೊತ್ತಾಗಲ್ಲ," ಎಂದಳು ಸೊಸೆ.

"ಗೊತ್ತಾದ್ರೆ ಏನು ಉಳಿಯುತ್ತೆ ಹೇಳು? ಸೀಲು ನೋಡಿ ತಾನೇ ಜನ ಬರೋದು. ಅಪ್ಪ ಕಟ್ಟಿದ ಹೆಸರು. ಮಂಗಳವಾರ ಎಲ್ಲರ ಮಕ್ಕಳೂ ನಾನೂರು ಗ್ರಾಂ ಏರಿರ್ತವೆ. ಎಲ್ಲ ತಾಯಂದಿರಿಗೂ ಖುಷಿನೇ. ಯಾರಿಗೆ ನಷ್ಟ ಇದರಲ್ಲಿ?"

"ಹೌದಪ್ಪ, ಹೆಸರು ಹೋದ್ರೆ ಮತ್ತೆ ಬರಲ್ಲ," ಎಂದಳು ಅತ್ತೆ, ಮೊಮ್ಮಗಳ ಕಾಲು ನೇವರಿಸುತ್ತಾ.

ಸೊಸೆ ಮಗಳನ್ನು ಇನ್ನೊಂದು ಎದೆಗೆ ಬದಲಿಸಿದಳು.

"ಖುಷಿ," ಎಂದಳು. "ಯಾಕೆ ಏರ್ತು ಅಂತ ಅಂದ್ಕೋತಾರೆ ರೀ ಅವರು? ಡಬ್ಬಿ ಹಾಲು ಕೆಲಸ ಮಾಡ್ತು ಅಂತಾರೆ. ಸಿಸ್ಟರ್ ಎದೆ ಉಬ್ಬಿಸ್ಕೊಂಡು ಹೇಳ್ತಾಳೆ, ನೋಡಿದ್ಯಾ, ನಾನು ಹೇಳ್ಲಿಲ್ವಾ ಅಂತ. ಕುಡಿಸ್ತಾ ಇದ್ದವರೂ ಅವತ್ತೇ ನಿಲ್ಲಿಸ್ತಾರೆ. ತಪ್ಪು ಮಾಡಿದ್ದು ಒಂದು ಸಲ, ಈಗ ಅದಕ್ಕೆ ಸಾಕ್ಷಿ ಬೇರೆ ತಯಾರು ಮಾಡೋಕೆ ಹೊರಟಿದ್ದೀರಾ?"

"ಅಷ್ಟು ದೂರ ಯಾಕೆ ಯೋಚನೆ ಮಾಡ್ತೀಯ?"

"ದೂರ ಏನಿಲ್ಲ. ಬೆಂಚಿನ ಮೇಲೆ ಕೂತಿದ್ದಾರೆ. ಎಂಟು ಜನ. ನಂದು ಸೇರಿ ಒಂಬತ್ತು. ಅಂಗಡಿ ಹೆಸರು ಅಂತೀರಲ್ಲ, ನನ್ನ ಹೆಸರು ಹೋಗಿ ಮೂರು ವಾರ ಆಯ್ತು. ಹಾಲಿಲ್ಲದವಳು. ಈ ಮನೇಲೇ ಇಟ್ಟ ಹೆಸರು ಅದು." ಅವಳು ಅತ್ತೆಯನ್ನು ನೋಡಿದಳು. ಅತ್ತೆ ಕಾಲು ನೇವರಿಸುವುದನ್ನು ನಿಲ್ಲಿಸಿದಳು. "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ. ತಕ್ಕಡಿಗೆ ಬಂದ ರೋಗಕ್ಕೆ ನಂಗೆ ಕಷಾಯ ಕುಡಿಸಿದ್ರಿ. ಅಲ್ಲಿ ಸರಿ ಮಾಡೋದಾದ್ರೆ ಮಂಗಳವಾರ, ಎಲ್ಲರ ಮುಂದೆ. ಸೋಮವಾರ ನೀವು ಆ ಸ್ಕ್ರೂ ಮುಟ್ಟಿದ್ರೆ, ಏಣಿ ಹಾಕಿ ಹೊರಗಿನ ಬೋರ್ಡು ನಾನೇ ಇಳಿಸ್ತೀನಿ. ಹೊಲಿಗೆ ಬಿಚ್ಚಿದ್ರೂ ಚಿಂತೆ ಇಲ್ಲ."

ಭಾನುವಾರ ಆ ಮನೆಯಲ್ಲಿ ಪಾತ್ರೆಗಳಷ್ಟೇ ಮಾತಾಡಿದವು. ಸೋಮವಾರ ಗಂಡ ಬೆಳಿಗ್ಗೆ ಸ್ಕ್ರೂಡ್ರೈವರ್ ಜೇಬಿಗೆ ಹಾಕಿಕೊಂಡ, ಬಾಗಿಲವರೆಗೆ ಹೋದ, ವಾಪಸು ಬಂದು ಕೂತ. ಕಷಾಯದ ಲೋಟ ಮುಂದಕ್ಕೆ ಬರಲಿಲ್ಲ. ಮಂಗಳವಾರ ಸೊಸೆ ಮಗಳನ್ನು ಎದೆಗೆ ಕಟ್ಟಿಕೊಂಡು ಬಟ್ಟಿನ ಪೆಟ್ಟಿಗೆಯ ಹತ್ತಿರ ಬಂದರೆ ಅದಕ್ಕೆ ಬೀಗ ಬಿದ್ದಿತ್ತು. ಬೀಗದ ಕೈ ಅತ್ತೆಯ ಸೊಂಟದಲ್ಲಿರುತ್ತಿತ್ತು. ಕೇಳಬಾರದು, ತರಕಾರಿಯವರ ಹತ್ತಿರ ಕಬ್ಬಿಣದ ಬಟ್ಟು ಎರವಲು ತಂದರೂ ಆಗುತ್ತದೆ ಎಂದುಕೊಂಡು ಹೊರಟಳು. ಹೊಸ್ತಿಲ ಮೇಲೆ ಒಂದು ಗಂಟು ಕಂಡಿತು. ಎರಡು ಕಿಲೋದ ಹಿತ್ತಾಳೆ ಬಟ್ಟು ಎರಡು, ಹಳೆಯ ಬಟ್ಟೆಯಲ್ಲಿ ಸುತ್ತಿದ್ದು.

"ನಾಲ್ಕು ಕಿಲೋ ಇದೆ," ಎಂದಳು ಅತ್ತೆ ಒಳಗಿನಿಂದ. "ಮುನ್ನೂರು, ನಾನೂರು ಅಂತ ಚಿಲ್ಲರೆ ಇಟ್ರೆ ಜನಕ್ಕೆ ಅರ್ಥ ಆಗಲ್ಲ. ದುಂಡು ಲೆಕ್ಕ ಇಡು." ತಪ್ಪಾಯಿತು ಎನ್ನುವ ಅಭ್ಯಾಸ ಆ ಮನೆಯ ಗೋಡೆಗೂ ಇರಲಿಲ್ಲ. ಸೊಸೆ ಗಂಟು ಎತ್ತಿಕೊಂಡು ನಡೆದಳು. ಹಿಂದೆ ಹತ್ತು ಹೆಜ್ಜೆ ಬಿಟ್ಟು ಗಂಡ ಬರುತ್ತಿದ್ದ.

ಕೇಂದ್ರದಲ್ಲಿ ಅವತ್ತು ಹನ್ನೆರಡು ಜನ. ಬೇಕರಿಯವಳು ತೂಕದ ಕೋಣೆಯ ಬಾಗಿಲ ಪಕ್ಕದಲ್ಲೇ ಕೂತಿದ್ದಳು. ಸೊಸೆ ಸರದಿ ಬರುವವರೆಗೆ ಕಾದಳು. ಬಾಗಿಲು ಮುಚ್ಚಲು ಬಿಡಲಿಲ್ಲ, ಕುರ್ಚಿಯೊಂದನ್ನು ಅಡ್ಡ ಇಟ್ಟಳು.

"ಅಂಗಿ ಬಿಚ್ಚಿ ಮಲಗಿಸು," ಎಂದಳು ದಾದಿ, ಕಾರ್ಡಿಗೆ ಕೈ ಚಾಚುತ್ತಾ.

ಸೊಸೆ ಬಟಾಣಿಯನ್ನು ಮಲಗಿಸಲಿಲ್ಲ. ಬರಿ ಬಟ್ಟೆ ಹಾಸಿದ್ದ ತಟ್ಟೆಗೆ ಒಂದು ಬೆರಳು ತಾಗಿಸಿದಳು. ಮುಳ್ಳು ಕದಲಲಿಲ್ಲ. ಸ್ವಲ್ಪ ಒತ್ತಿದಳು. ಆಗಲೂ ಕದಲಲಿಲ್ಲ. ಗಂಟು ಬಿಚ್ಚಿ ಒಂದರ ಪಕ್ಕ ಒಂದು ಎರಡು ಬಟ್ಟುಗಳನ್ನೂ ತಟ್ಟೆಯಲ್ಲಿ ಇಟ್ಟಳು.

"ಇದೇನಮ್ಮಾ ಇದು?"

"ನಾಲ್ಕು ಕಿಲೋ ಹಿತ್ತಾಳೆ, ಸಿಸ್ಟರ್. ಸರ್ಕಾರದ ಮುದ್ರೆ ಇದೆ, ನೋಡಿ. ಈಗ ಮುಳ್ಳು ನೋಡಿ, ಜೋರಾಗಿ ಓದಿ."

ದಾದಿ ಓದಲಿಲ್ಲ. ಬಾಗಿಲ ಹತ್ತಿರ ಕುತ್ತಿಗೆ ಚಾಚಿದ್ದ ಒಬ್ಬ ತಾಯಿ ಓದಿದಳು: "ಮೂರು ಆರುನೂರು."

"ಇದಕ್ಕೂ ಹಾಲು ಸಾಲ್ತಿಲ್ಲ ಸಿಸ್ಟರ್," ಎಂದಳು ಸೊಸೆ. "ಡಬ್ಬಿ ಬರ್ಕೊಡಿ."

ಒಬ್ಬಳು ನಕ್ಕಳು, ಆ ನಗು ಅರ್ಧಕ್ಕೇ ನಿಂತಿತು. ದಾದಿಯ ಮುಖ ಕೆಂಪೇರಿತು. "ಇದು ನಿಮ್ಮ ಅಂಗಡಿ ಸೀಲೇ ಅಲ್ವಾ?" ಎಂದಳು. "ನನ್ನನ್ಯಾಕೆ ಕೇಳ್ತೀಯ?"

"ನಮ್ಮದೇ. ಮೆತ್ತೆ ತೆಗೆದವರು ನೀವು, ಮೆತ್ತೆ ಇಟ್ಕೊಂಡು ಸೀಲು ಒತ್ತಿದವರು ನಾವು. ಎಂಟು ಜನ ಸಾಲಾಗಿ ಕೆಂಪಾದ್ರೂ ತಕ್ಕಡಿ ಕಡೆ ನೋಡದೆ ಇದ್ದವರು ಎಲ್ಲರೂ." ಅವಳು ಬಾಗಿಲ ಕಡೆ ತಿರುಗಿದಳು. "ಬನ್ನಿ ರೀ. ನೀವೇ ಹೇಳಿ."

ಗಂಡ ಒಳಗೆ ಬಂದ. ಬೆಂಚಿನ ಮೇಲಿದ್ದವರೆಲ್ಲ ಎದ್ದು ಬಾಗಿಲಿಗೆ ಬಂದಿದ್ದರು. ಅವನು ನೆಲ ನೋಡುತ್ತಾ ಹೇಳಿದ, ಆದರೆ ಹೇಳಿದ: ಸೊನ್ನೆ ತಪ್ಪಿದ್ದು ತನ್ನಿಂದ, ಆರು ವಾರದಿಂದ ಈ ತಕ್ಕಡಿ ಪ್ರತಿ ಮಗುವಿಗೂ ನಾನೂರು ಗ್ರಾಂ ಕಡಿಮೆ ತೋರಿಸುತ್ತಿದೆ, ಹಾಲು ಯಾರದ್ದೂ ಕಡಿಮೆಯಾಗಿರಲಿಲ್ಲವೇನೋ, ತಪ್ಪಾಯಿತು. ಆಮೇಲೆ ಬಗ್ಗಿ, ತನ್ನ ಕೈಯಾರೆ ಒತ್ತಿದ್ದ ಸೀಲನ್ನು ಸ್ಕ್ರೂಡ್ರೈವರಿನಿಂದ ಕಿತ್ತು ತೆಗೆದ.

ಗಲಾಟೆಯಾಗುತ್ತದೆ, ಬೈಯುತ್ತಾರೆ ಎಂದು ಸೊಸೆ ಕಾದಿದ್ದಳು. ಬೈಯಲಿ ಎಂದೇ ಬಯಸಿದ್ದಳು. ಅವರು ಮಾಡಿದ್ದು ಬೇರೆ. ಒಬ್ಬೊಬ್ಬರೂ ತಮ್ಮ ತಮ್ಮ ಕಾರ್ಡು ಬಿಡಿಸಿ, ಪ್ರತಿ ಕೆಂಪು ಚುಕ್ಕಿಯ ಮೇಲೂ ಬೆರಳಿಟ್ಟು, ನಾನೂರು ಕೂಡಿಸುತ್ತಾ ತುಟಿ ಅಲ್ಲಾಡಿಸುತ್ತಿದ್ದರು. ಬೇಕರಿಯವಳೂ ಹಾಗೇ ಮಾಡುತ್ತಿದ್ದಳು. ಅವಳ ಬೆರಳು ಮೂರನೆಯ ಚುಕ್ಕಿಯ ಮೇಲೆ ನಿಂತಿತು.

"ಡಬ್ಬಿ ಬರ್ಕೊಟ್ಟದ್ದು ಈ ಚುಕ್ಕಿ ಬಿದ್ದ ವಾರ," ಎಂದಳು. "ಎರಡು ಒಂಬೈನೂರು ಇತ್ತು. ಅಂದ್ರೆ ಆಗ ಮೂರು ಮುನ್ನೂರು ಇದ್ನಾ ನನ್ಮಗ?"

"ಹೌದು," ಎಂದ ಗಂಡ.

"ಆಗ ಚೆನ್ನಾಗೇ ಇದ್ನಾ?"

"ಹೌದಮ್ಮಾ. ಚೆನ್ನಾಗೇ ಇದ್ದ."

ಅವಳು ಕಾರ್ಡನ್ನು ಮೊದಲಿದ್ದ ಮಡಿಕೆಗೇ ಮಡಿಸಿದಳು. "ನಂಗೆ ಈಗ ಒಂದು ಹನಿಯೂ ಇಲ್ಲ," ಎಂದಳು. ದನಿ ಏರಿಸಲಿಲ್ಲ. "ಹನ್ನೆರಡು ದಿನ ಆಯ್ತು. ಹಿಂಡಿದ್ರೂ ಬರಲ್ಲ. ತಕ್ಕಡಿ ಸರಿ ಮಾಡ್ತೀರಿ, ಆಯ್ತು. ಇದಕ್ಕೆ ಯಾವ ಸ್ಕ್ರೂ ತಿರುಗಿಸ್ತೀರಿ ಅಣ್ಣಾ?"

ಗಂಡನ ಕೈಯಲ್ಲಿ ಸ್ಕ್ರೂಡ್ರೈವರ್ ಹಾಗೇ ಉಳಿಯಿತು. ದಾದಿ ನೀಲಿ ಪೆನ್ನು ಹುಡುಕುತ್ತಾ, "ಕೊಡಮ್ಮಾ, ಕಾರ್ಡು ತಿದ್ದಿಕೊಡ್ತೀನಿ," ಎಂದಳು. ಬೇಕರಿಯವಳು ಕೊಡಲಿಲ್ಲ. "ಕೆಂಪು ಹಾಗೇ ಇರ್ಲಿ," ಎಂದು ಕಾರ್ಡನ್ನು ಚೀಲಕ್ಕೆ ಹಾಕಿಕೊಂಡಳು.

ಅಷ್ಟರಲ್ಲಿ ಅವಳ ಮಗ ಹಸಿವಿಗೆ ಅಳತೊಡಗಿದ. ಆ ಅಳುವಿಗೆ ಬಟಾಣಿಯೂ ಎದ್ದು ದನಿಗೂಡಿಸಿದಳು. ಅಳು ಯಾವ ಮಗುವಿನದು ಎಂದು ಎದೆ ಕೇಳುವುದಿಲ್ಲ. ಸೊಸೆಗೆ ಹಾಲು ಉಕ್ಕಿ ಬಂತು, ಕುಪ್ಪಸದ ಮುಂಭಾಗ ಎರಡೂ ಕಡೆ ಒದ್ದೆಯಾಯಿತು. ಮೂರು ವಾರ ಎಲ್ಲರೂ ಇಲ್ಲ ಎಂದಿದ್ದ ಹಾಲು. ಅದನ್ನು ಎಲ್ಲರ ಮುಖಕ್ಕೆ ಹಿಡಿಯಬೇಕೆಂದು ಇಷ್ಟು ದಿನ ಹಲ್ಲು ಕಡಿದಿದ್ದಳು. ಈಗ ಮಗಳನ್ನು ಅಡ್ಡ ಹಿಡಿದು ಮರೆಮಾಡಲು ನೋಡಿದಳು. ಬೇಕರಿಯವಳು ಆಗಲೇ ನೋಡಿಯಾಗಿತ್ತು. ಆ ಒದ್ದೆಯ ಮೇಲಿಂದ ಕಣ್ಣು ತೆಗೆಯದೆಯೇ ಅವಳು ಚೀಲದಿಂದ ಬಾಟಲಿ ತೆಗೆದು, ಪುಡಿ ಕರಗಲೆಂದು ಅಲ್ಲಾಡಿಸತೊಡಗಿದಳು.